ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಕೊಚ್ಚಿಯ ಹಳೆಯ ಬಂದರು ನೋಡಲು ಹೊರಡುವವರು ಮಾತಿನಲ್ಲಿ, ಪತ್ರದಲ್ಲಿ ಕೇಳುತ್ತ ಬಂದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲ ಸಲ ಹೋಗುವವರಿಗೆ ಬೇಕಾದವು ಮೊದಲು, ಎರಡನೇ ಸಲ ಹೋಗುವವರಿಗೆ ಬೇಕಾದವು ಆಮೇಲೆ ಬರುತ್ತವೆ.

## ಹೊರಡುವ ಮುಂಚೆ

ಕೊಚ್ಚಿ, ಎರ್ನಾಕುಲಂ, ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಅಂತಾರಲ್ಲ, ಇವೆಲ್ಲಾ ಒಂದ ಊರೇನ್ರಿ?

ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ ಇದ್ದರೂ ಊರ ಗುಣ ಬೇರೆ ಬೇರೆಯಲ್ಲವೇ, ಅಲ್ಲಿಯೂ ಹಾಗೆಯೇ. ಎರ್ನಾಕುಲಂ, ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ ಎಂಬ ಮೂರು ಪುರಸಭೆಗಳು ಸೇರಿ 1967ರಲ್ಲಿ ಕೊಚ್ಚಿ ಪಾಲಿಕೆಯಾಯಿತು. ರೈಲು ನಿಲ್ದಾಣ, ಹೈಕೋರ್ಟು, ದೊಡ್ಡ ಅಂಗಡಿಗಳು ಹಿನ್ನೀರಿನ ಪೂರ್ವ ದಂಡೆಯ ಎರ್ನಾಕುಲಂನಲ್ಲಿವೆ. ನೋಡಬೇಕಾದ ಹಳೆಯ ಊರು ಪಶ್ಚಿಮ ದಂಡೆಯಲ್ಲಿದೆ: ಸಮುದ್ರದ ಬಾಯಿಗೆ ಫೋರ್ಟ್ ಕೊಚ್ಚಿ, ಅದರ ಬೆನ್ನಿಗೆ ಮಟ್ಟಾಂಚೇರಿ. ನಡುವೆ ಇರುವ ವಿಲಿಂಗ್ಡನ್ ದ್ವೀಪದ ಬಹುಭಾಗ ಮನುಷ್ಯ ಕಟ್ಟಿದ್ದು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಡಗಿನ ದಾರಿಗಾಗಿ ಹೂಳೆತ್ತಿಸಿದರು, ಆ ಹೂಳನ್ನೇ ತುಂಬಿ ನೆಲ ಮಾಡಲಾಯಿತು.

ಇನ್ನೊಂದು ಮಾತು ತಿಳಿದಿದ್ದರೆ ಬೀದಿಗಳು ಬೇಗ ಅರ್ಥವಾಗುತ್ತವೆ. ಫೋರ್ಟ್ ಕೊಚ್ಚಿ ಕ್ರಮವಾಗಿ ಪೋರ್ತುಗೀಸರ, 1663ರಿಂದ ಡಚ್ಚರ, 1795ರಿಂದ ಬ್ರಿಟಿಷರ ಕೈಯಲ್ಲಿತ್ತು. ಮಟ್ಟಾಂಚೇರಿ ಕೊಚ್ಚಿ ಅರಸರ ನೆಲ. ಒಂದು ಕಡೆ ಅಗಲ ಮೈದಾನ, ಬಂಗಲೆ, ಇಗರ್ಜಿ. ಮೂರು ಕಿಲೋಮೀಟರ್ ದಾಟುವಷ್ಟರಲ್ಲಿ ಇಕ್ಕಟ್ಟು ಓಣಿ, ಗೋದಾಮು, ಹತ್ತು ಜಾತಿಯ ದೇವರು.

ಗೋವಾ ವರ್ಷಾ ನೋಡ್ತೀವಿ. ಅದ ಪೋರ್ತುಗೀಸ್ ಊರು ನೋಡಾಕ ಕೊಚ್ಚಿಗೆ ಯಾಕ ಹೋಗಬೇಕು?

ಇಗರ್ಜಿ ಮಾತ್ರ ನೋಡುವುದಿದ್ದರೆ ಹೋಗಬೇಡಿ, ಹಳೆ ಗೋವಾದ ಇಗರ್ಜಿಗಳೇ ದೊಡ್ಡವು. ಕೊಚ್ಚಿಯಲ್ಲಿ ಪೋರ್ತುಗೀಸರು ಹಲವು ಬಾಡಿಗೆದಾರರಲ್ಲಿ ಒಬ್ಬರು, ಅಷ್ಟೇ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಡುಂಗಲ್ಲೂರಿನ ಹಳೆಯ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯ ಅಳಿವೆ ತೆರೆದುಕೊಂಡಿತು. ಮೆಣಸಿನ ವ್ಯಾಪಾರ ಇತ್ತ ಹೊರಳಿದ ಮೇಲೆ ಯಹೂದಿ, ಅರಬ್, ಕೊಂಕಣಿ, ಗುಜರಾತಿ, ಕಚ್ಛಿ ಮೇಮನ್, ತಮಿಳು ಜನ ಒಬ್ಬರಾದ ಮೇಲೊಬ್ಬರು ಬಂದು ಓಣಿ ಹಿಡಿದರು. ಯಹೂದಿಗಳನ್ನು ಬಿಟ್ಟರೆ ಹೆಚ್ಚಿನವರು ಇಂದಿಗೂ ಅಲ್ಲೇ ಇದ್ದಾರೆ. ನೋಡಬೇಕಾದದ್ದು ಅದನ್ನು.

ಹುಬ್ಬಳ್ಳಿಯಿಂದ ಹೆಂಗ ಹೋಗೂದು?

ಮೂರು ದಾರಿ. ಹುಬ್ಬಳ್ಳಿಯಿಂದ ತಿರುವನಂತಪುರದ ಕಡೆಗೆ ವಾರಕ್ಕೊಮ್ಮೆ ನೇರ ರೈಲಿದೆ, ಬೆಂಗಳೂರು, ಸೇಲಂ ಮೇಲೆ ಹೋಗುತ್ತದೆ. ದಿನ ಹೊಂದಿದರೆ ಇದೇ ಸುಖ. ಎರಡನೆಯದು, ಬೆಂಗಳೂರಿಗೆ ಹೋಗಿ ಸಂಜೆಯ ಕನ್ಯಾಕುಮಾರಿ ರೈಲು ಹಿಡಿಯುವುದು. ಹಾವೇರಿಯವರಿಗೆ ಇದು ಅನುಕೂಲ. ಮೂರನೆಯದು ಕರಾವಳಿ ದಾರಿ: ಕ್ಯಾಸಲ್‌ರಾಕ್ ಘಟ್ಟ ಇಳಿದು ಮಡಗಾವಿಗೆ ಹೋದರೆ ಎರ್ನಾಕುಲಂ ಮುಟ್ಟುವ ದಿನವಹಿ ರೈಲುಗಳಿವೆ. ಪುಣೆ-ಎರ್ನಾಕುಲಂ ಪೂರ್ಣಾ ಎಕ್ಸ್‌ಪ್ರೆಸ್ ಲೋಂಡಾ ಮೇಲೆಯೇ ಹೋಗುತ್ತದೆ, ಧಾರವಾಡದವರು ಅಲ್ಲಿ ಹತ್ತಬಹುದು. ಜೂನ್ ನಡುವಿನಿಂದ ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಬರುತ್ತದೆ. ಟಿಕೆಟ್ ತೆಗೆದಾಗಿನ ಹೊತ್ತನ್ನೇ ನಂಬಿ ನಿಲ್ದಾಣಕ್ಕೆ ಹೋದವರು ರೈಲು ತಪ್ಪಿಸಿಕೊಂಡಿದ್ದುಂಟು.

ಎರ್ನಾಕುಲಂನಲ್ಲಿ ಎರಡು ನಿಲ್ದಾಣ. ಜಂಕ್ಷನ್‌ಗೆ ಊರವರು ಸೌತ್ ಅನ್ನುತ್ತಾರೆ, ಟೌನ್‌ಗೆ ನಾರ್ತ್ ಅನ್ನುತ್ತಾರೆ. ಮರಳಿ ಬರುವ ರೈಲು ಯಾವುದರಿಂದ ಹೊರಡುತ್ತದೆ ಎಂದು ಟಿಕೆಟ್‌ನಲ್ಲಿ ನೋಡಿಟ್ಟುಕೊಳ್ಳಿ.

ಯಾವ ತಿಂಗಳು ಛಲೋ?

ಡಿಸೆಂಬರ್‌ನಿಂದ ಫೆಬ್ರವರಿ. ಆಗಲೂ ಧಾರವಾಡದ ಚಳಿ ನಿರೀಕ್ಷಿಸಬೇಡಿ, ಸ್ವೆಟರ್ ಚೀಲದಲ್ಲೇ ಉಳಿಯುತ್ತದೆ. ಮಾರ್ಚ್ ಆದಮೇಲೆ ಸೆಕೆ. ಗದಗಿನ ಬಿಸಿಲು ಕಂಡವರಿಗೆ 34 ಡಿಗ್ರಿ ಏನು ಮಹಾ ಅನ್ನಿಸಬಹುದು, ಆದರೆ ನಮ್ಮದು ಒಣ ಬಿಸಿಲು, ಅಲ್ಲಿ ಬೆವರು ಆರುವುದೇ ಇಲ್ಲ. ವಯಸ್ಸಾದವರು ಸುಸ್ತಾಗುವುದು ಇದಕ್ಕೇ. ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೆ.

ಎಷ್ಟು ದಿನಾ ಬೇಕು? ಶನಿವಾರ-ಭಾನುವಾರ ಹೋಗಿ ಬಂದರ ಸಾಲದೇನು?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ಜನ ಎಡವುವುದೂ ಇಲ್ಲೇ. ಕೊಚ್ಚಿಯಲ್ಲಿ ನಕ್ಷೆಗಿಂತ ಕ್ಯಾಲೆಂಡರ್ ಮುಖ್ಯ. ಒಂದೊಂದು ಧರ್ಮದವರ ವಾರದ ದಿನ ಒಂದೊಂದು, ಬಾಗಿಲು ಹಾಕುವುದೂ ಅದರಂತೆ:

- ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ. ಸಿನಗಾಗ್ ಎಂಬ ಯಹೂದಿ ಮಂದಿರವನ್ನೂ ಅಂದು ಮಧ್ಯಾಹ್ನದ ಮೇಲೆ ನಂಬುವಂತಿಲ್ಲ, ಅವರ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಶುಕ್ರವಾರ ಹೊತ್ತು ಮುಳುಗಿದಾಗಲೇ ಶುರು.
- ಶನಿವಾರ ಸಿನಗಾಗ್ ಪೂರ್ತಿ ಬಂದ್. ಯಹೂದಿ ಹಬ್ಬಗಳಲ್ಲೂ ಹಾಗೆಯೇ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಈ ಹಬ್ಬಗಳು ಸಾಲಾಗಿ ಬರುತ್ತವೆ.
- ಭಾನುವಾರ ಬೆಳಿಗ್ಗೆ ಇಗರ್ಜಿಗಳಲ್ಲಿ ಪ್ರಾರ್ಥನೆ, ನೋಡುಗರಿಗೆ ಮಧ್ಯಾಹ್ನದ ಮೇಲೆ. ಮಟ್ಟಾಂಚೇರಿಯ ಬಜಾರ್ ರೋಡಿನ ಸಗಟು ಮಳಿಗೆಗಳೂ ಅಂದು ಮುಚ್ಚಿರುತ್ತವೆ.

ಅಂದರೆ ಸೋಮವಾರದಿಂದ ಗುರುವಾರದೊಳಗೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಶನಿವಾರ-ಭಾನುವಾರ ಬಿಟ್ಟು ಬೇರೆ ಗತಿಯೇ ಇಲ್ಲವಾದರೆ ಶನಿವಾರ ಫೋರ್ಟ್ ಕೊಚ್ಚಿ ಮತ್ತು ಅರಮನೆ, ಭಾನುವಾರ ಸಿನಗಾಗ್.

ಸ್ಟೇಷನ್ನಿನಿಂದ ಆ ದಂಡಿಗೆ ಆಟೋ ಹಿಡೀಲೋ, ದೋಣಿ ಹಿಡೀಲೋ?

ದೋಣಿ. ರಸ್ತೆಯ ದಾರಿ ತೋಪ್ಪುಂಪಡಿ ಸುತ್ತಿಕೊಂಡು ಹೋಗುತ್ತದೆ, ಹನ್ನೆರಡು ಕಿಲೋಮೀಟರ್ ಹತ್ತಿರ, ಸಂಜೆ ಸೇತುವೆ ಮೇಲೆ ವಾಹನ ನಿಂತರೆ ನಿಂತೇ ಬಿಟ್ಟಿತು. ನೀರಿನ ಮೇಲೆ ಇಪ್ಪತ್ತು-ಇಪ್ಪತ್ತೈದು ನಿಮಿಷ.

ಇದರಲ್ಲೂ ಎರಡು ಬಗೆ. ಎರ್ನಾಕುಲಂ ಮುಖ್ಯ ಜೆಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ದೋಣಿಗಳು, ಕೆಲವೇ ರೂಪಾಯಿಯ ಟಿಕೆಟ್. ಹೈಕೋರ್ಟ್ ಜೆಟ್ಟಿಯಿಂದ 2023ರಲ್ಲಿ ಶುರುವಾದ ವಾಟರ್ ಮೆಟ್ರೋ, ಹವಾನಿಯಂತ್ರಿತ ಬ್ಯಾಟರಿ ದೋಣಿ. ಅದರಲ್ಲಿ ನೂರು ಜನ ತುಂಬಿದರೆ ಗೇಟು ಮುಚ್ಚುತ್ತಾರೆ, ಒಬ್ಬರನ್ನೂ ಹೆಚ್ಚಿಗೆ ಬಿಡುವುದಿಲ್ಲ. ಎಂಟು-ಹತ್ತು ಜನರ ಕುಟುಂಬ ಅರ್ಧ ಒಳಗೆ, ಅರ್ಧ ಹೊರಗೆ ಉಳಿಯುವುದು ಹೀಗೆ. ಎಲ್ಲರೂ ಒಟ್ಟಿಗೆ ಸಾಲಿನಲ್ಲಿ ನಿಂತು, ಎಲ್ಲರ ಟಿಕೆಟ್ ಒಂದೇ ಸಲ ತೆಗೆಯಿರಿ. ಹಳೆಯ ದೋಣಿಗೆ ಚಿಲ್ಲರೆ ಇಟ್ಟುಕೊಳ್ಳಿ, ಐನೂರರ ನೋಟು ಕೊಟ್ಟರೆ ಮುಖ ಸಿಂಡರಿಸುತ್ತಾರೆ.

## ಫೋರ್ಟ್ ಕೊಚ್ಚಿ

ಫೋರ್ಟ್ ಅಂತಾರ, ಕೋಟಿ ಎಲ್ಲೈತ್ರಿ?

ಇಲ್ಲ. ಚಿತ್ರದುರ್ಗದ ಲೆಕ್ಕದಲ್ಲಿ ಹುಡುಕಬೇಡಿ. ಪೋರ್ತುಗೀಸರು 1503ರಲ್ಲಿ ಕಟ್ಟಿದ ಇಮ್ಯಾನುಯೆಲ್ ಕೋಟೆಯನ್ನು ಡಚ್ಚರು ಕಿರಿದು ಮಾಡಿದರು, ಬ್ರಿಟಿಷರು ಕೆಡವಿದರು. ದಂಡೆಯಲ್ಲಿ ಒಂದಿಷ್ಟು ಕಲ್ಲಿನ ಕುರುಹು, ಕೊತ್ತಳದ ಜಾಗದಲ್ಲಿ 1667ರ ಬಾಸ್ಟಿಯನ್ ಬಂಗಲೆ ಉಳಿದಿವೆ.

ನಡಕೊಂಡ ನೋಡಬಹುದೇನು? ಯಾವ ಕಡೆಯಿಂದ ಶುರು ಮಾಡೂದು?

ನಡೆದೇ ನೋಡಬೇಕು. ಒಟ್ಟು ಎರಡೂವರೆ ಕಿಲೋಮೀಟರ್ ಆದೀತು. ಬೆಳಿಗ್ಗೆ ಏಳಕ್ಕೆ ಜೆಟ್ಟಿಯ ಹತ್ತಿರದ ಚೀನಾ ಬಲೆಗಳಿಂದ ಹೊರಟು ದಂಡೆಗುಂಟ ಪಶ್ಚಿಮಕ್ಕೆ ಹೋಗಿ. ಅಲ್ಲಿಂದ ಒಳಕ್ಕೆ ತಿರುಗಿದರೆ ಸೇಂಟ್ ಫ್ರಾನ್ಸಿಸ್ ಇಗರ್ಜಿ, ಅದರ ಎದುರು ಪರೇಡ್ ಮೈದಾನ. ಮೈದಾನದ ಸುತ್ತ ದೊಡ್ಡ ಮಳೆಮರಗಳು, ನೆರಳಿಗೆ ಕೊರತೆಯಿಲ್ಲ. ಮುಂದೆ ಸಾಂತಾ ಕ್ರೂಜ್ ಬಸಿಲಿಕಾ, ಕೊನೆಗೆ ಪ್ರಿನ್ಸೆಸ್ ಬೀದಿಯಲ್ಲಿ ಚಹಾ. ಹತ್ತೂವರೆಯೊಳಗೆ ಮುಗಿಸಿ. ಸಮುದ್ರಸ್ನಾನದ ಆಸೆ ಬೇಡ, ಅಳಿವೆಯ ಸೆಳವು ಜೋರು, ತೇಲಿ ಬಂದ ಅಂತರಗಂಗೆ ದಂಡೆ ತುಂಬ ಬಿದ್ದಿರುತ್ತದೆ.

ಬಸಿಲಿಕಾದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಈಗ ಕಾಣುವುದು ಪೋರ್ತುಗೀಸರು ಕಟ್ಟಿದ್ದಲ್ಲ. ಅವರ ಇಗರ್ಜಿಯನ್ನು ಡಚ್ಚರು ಶಸ್ತ್ರಾಗಾರ ಮಾಡಿಕೊಂಡಿದ್ದರು, ಬ್ರಿಟಿಷರು ಬಂದಮೇಲೆ ಕೆಡವಿದರು. ಇಂದಿನ ಕಟ್ಟಡ ಪವಿತ್ರೀಕರಣಗೊಂಡದ್ದು 1905ರಲ್ಲಿ.

ವಾಸ್ಕೋ ಡ ಗಾಮಾನ ಸಮಾಧಿ ಅಲ್ಲೇ ಐತೇನು?

ಸಮಾಧಿಯ ಕಲ್ಲು ಇದೆ, ಗಾಮಾ ಇಲ್ಲ. 1498ರಲ್ಲಿ ಅವನು ಮೊದಲು ಬಂದದ್ದು ಕೋಳಿಕ್ಕೋಡ್ ಹತ್ತಿರದ ಕಪ್ಪಾಡಿಗೆ, ಕೊಚ್ಚಿಗಲ್ಲ. ಮೂರನೇ ಸಲ ಬಂದಾಗ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ. ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ ಹೂತರು, ಹದಿನಾಲ್ಕು-ಹದಿನೈದು ವರ್ಷದ ಮೇಲೆ ಅಸ್ಥಿಯನ್ನು ಪೋರ್ತುಗಲ್ಲಿಗೆ ಒಯ್ದರು. ಒಳಗೆ ಹೋದಾಗ ಬಲಗಡೆ ಕಟಕಟೆ ಹಾಕಿದ ಕಲ್ಲೇ ಅದು.

ಅಷ್ಟಕ್ಕೇ ಹೊರಬಂದುಬಿಡಬೇಡಿ. ಗೋಡೆಗೆ ನಿಲ್ಲಿಸಿದ ದೊಡ್ಡ ಸಮಾಧಿ ಕಲ್ಲುಗಳನ್ನು ನೋಡಿ: ಒಂದು ಸಾಲು ಪೋರ್ತುಗೀಸರದು, ಇನ್ನೊಂದು ಡಚ್ಚರದು. ಮೊದಲು ನೆಲದಲ್ಲಿದ್ದವನ್ನು ಆಮೇಲೆ ಎಬ್ಬಿಸಿ ಗೋಡೆಗೆ ಕೂಡಿಸಿದ್ದಾರೆ. ತಲೆಯ ಮೇಲೆ ಹಗ್ಗ ಕಟ್ಟಿದ ಉದ್ದನೆಯ ಬಟ್ಟೆಯ ಪಂಖಾ ಇದೆ. ಹೊರಗೆ ಕುಳಿತ ಆಳು ಹಗ್ಗ ಎಳೆಯುತ್ತಿದ್ದ, ಒಳಗಿನವರಿಗೆ ಗಾಳಿ.

ಚೀನಾ ಬಲಿ ಹೆಂಗ ಕೆಲಸಾ ಮಾಡ್ತಾವು? ನಾವೂ ಎಳೀಬಹುದಾ?

ಬಾವಿಯ ಏತ ನೋಡಿದವರಿಗೆ ಬೇಗ ತಿಳಿಯುತ್ತದೆ. ಏತದ ಮರದ ಮೇಲೆ ಒಬ್ಬ ಮುಂದೆ ಹಿಂದೆ ನಡೆದರೆ ಬಾನಿ ಇಳಿದು ಏರುತ್ತದಲ್ಲ, ಅದೇ ತೂಕದ ಲೆಕ್ಕ. ಸುಮಾರು ಹತ್ತು ಮೀಟರ್ ಎತ್ತರದ ಮರದ ಚೌಕಟ್ಟಿನ ತುದಿಗೆ ಬಲೆ, ಹಿಂದಿನ ತುದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳು. ಎರಡೂ ಕಡೆ ಎಷ್ಟು ಸರಿತೂಗಿಸಿರುತ್ತಾರೆಂದರೆ, ಒಬ್ಬ ಮನುಷ್ಯ ನಡುಮರದ ಮೇಲೆ ಮುಂದಕ್ಕೆ ನಡೆದರೆ ಸಾಕು, ಬಲೆ ನೀರಿಗಿಳಿಯುತ್ತದೆ. ಕಲ್ಲುಗಳ ಹಗ್ಗದ ಉದ್ದ ಬೇರೆ ಬೇರೆ ಇರುವುದನ್ನು ಗಮನಿಸಿ. ಬಲೆ ಮೇಲೇರಿದಂತೆ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಕೂರುತ್ತವೆ, ಯಾವ ಎತ್ತರದಲ್ಲೂ ತೂಕ ತಪ್ಪುವುದಿಲ್ಲ. ನಾಲ್ಕರಿಂದ ಆರು ಜನ ಎಳೆಯುತ್ತಾರೆ. ಬಲೆ ನೀರಲ್ಲಿರುವುದು ಕೆಲವೇ ನಿಮಿಷ. ಚೀನೀ ವರ್ತಕರು ತಂದರೆಂಬುದು ಊರ ಮಾತು, ಮಕಾವ್‌ನಿಂದ ಪೋರ್ತುಗೀಸರು ತಂದರೆಂಬ ವಾದವೂ ಇದೆ.

ಎಳೆಯಲು ಅವರೇ ಕರೆಯುತ್ತಾರೆ, ಎಳೆದ ಮೇಲೆ ದುಡ್ಡು ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಈಗ ಮೀನಿಗಿಂತ ಇದೇ ಅವರ ಗಳಿಕೆ. ಮೊದಲೇ ಎಷ್ಟೆಂದು ಕೇಳಿ, ಒಪ್ಪಿದರೆ ಹಲಗೆ ಹತ್ತಿ. ಹಲಗೆ ಜಾರುತ್ತದೆ, ಚಪ್ಪಲಿ ಕೆಳಗೇ ಬಿಡಿ. ಪಕ್ಕದ ಮೀನಿನ ಅಂಗಡಿಗಳಲ್ಲಿ ಕೊಳ್ಳುವವರು ಕಿಲೋ ದರ ಕೇಳಿ ಎದುರೇ ತೂಗಿಸಿ. ಕರಿದು ಕೊಡುವ ಅಂಗಡಿಯವರ ಕೂಲಿ ಬೇರೆ, ಅದನ್ನೂ ಮುಂಚೆಯೇ ಮಾತಾಡಿ.

## ಮಟ್ಟಾಂಚೇರಿ

ಆಟೋದವರು ಐವತ್ತು ರೂಪಾಯಿಗೆ ಎಲ್ಲಾ ತೋರಸ್ತೀನಿ ಅಂತಾರ. ಮೋಸಾ?

ಮೋಸವೆಂದಲ್ಲ, ಅಂಗಡಿಯ ಕಮಿಷನ್. ನಿಮ್ಮನ್ನು ಮೂರು-ನಾಲ್ಕು ಕರಕುಶಲ ಅಂಗಡಿಗಳಿಗೆ ಒಯ್ಯುತ್ತಾರೆ, ನೀವು ಕೊಳ್ಳದಿದ್ದರೂ ಅವರಿಗೆ ಏನೋ ಸಿಗುತ್ತದೆ. ಕಳೆಯುವುದು ನಿಮ್ಮ ಹೊತ್ತು: ಅಂಗಡಿಯಿಂದ ಹೊರಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿ ಸಿನಗಾಗ್ ಬಾಗಿಲು ಹಾಕಿರುತ್ತದೆ. «ಅರಮನೆಗೆ ಮಾತ್ರ, ಅಂಗಡಿ ಬೇಡ» ಎಂದು ಹೇಳಿ ಸರಿಯಾದ ಬಾಡಿಗೆ ಕೊಡಿ.

ಡಚ್ ಪ್ಯಾಲೇಸ್ ಹೊರಗಿಂದ ಸಾದಾ ಮನಿ ಇದ್ದಂಗ ಐತಿ. ಒಳಗ ಏನೈತಿ?

ಮಟ್ಟಾಂಚೇರಿ ಅರಮನೆಗೇ ಜನ ಡಚ್ ಪ್ಯಾಲೇಸ್ ಅನ್ನುವುದು, ಆ ಹೆಸರೇ ತಪ್ಪು. ಪೋರ್ತುಗೀಸರು 1555ರ ಸುಮಾರಿಗೆ ಕಟ್ಟಿ ಕೊಚ್ಚಿ ಅರಸನಿಗೆ ಕೊಟ್ಟದ್ದು, ಡಚ್ಚರು ದುರಸ್ತಿ ಮಾಡಿಸಿದರು, ಹೆಸರು ಅವರಿಗೆ ಹೋಯಿತು. ಒಳಗೆ ನೋಡಬೇಕಾದದ್ದು ಅರಸರ ಮಲಗುವ ಕೋಣೆಯ ರಾಮಾಯಣ. ಪುತ್ರಕಾಮೇಷ್ಟಿಯಿಂದ ಅಯೋಧ್ಯೆಗೆ ಮರಳುವವರೆಗೆ ಗೋಡೆ ತುಂಬ ಬರೆದಿದ್ದಾರೆ. ಚಿತ್ರಗಳ ನಡುವೆ ಗೆರೆಯಿಲ್ಲ, ಒಂದು ಪ್ರಸಂಗ ಇನ್ನೊಂದಕ್ಕೆ ಅಂಟಿಕೊಂಡೇ ಇರುತ್ತದೆ. ಒಂದು ಮೂಲೆ ಹಿಡಿದು ನಿಧಾನಕ್ಕೆ ಓದಿದರೆ ಮಾತ್ರ ಕಥೆ ಬಿಚ್ಚುತ್ತದೆ, ಮೊದಲ ನೋಟಕ್ಕೆ ಬರೀ ಜನಜಂಗುಳಿ. ಕರಿಕಲ್ಲಿನಂತೆ ಹೊಳೆಯುವ ನೆಲ ಕಲ್ಲಲ್ಲ: ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿ ಕಲಸಿ ತಿಕ್ಕಿದ್ದು. ಫೋಟೋ ತೆಗೆಯಲು ಬಿಡುವುದಿಲ್ಲ.

ಯಹೂದಿ ಗುಡಿಯೊಳಗ ನಮ್ಮನ್ನ ಬಿಡ್ತಾರೇನು? ಈಗ ಯಹೂದಿಗಳು ಅದಾರೇನು?

ಬಿಡುತ್ತಾರೆ, ನಿಯಮ ಪಾಲಿಸಿದರೆ. ಚಡ್ಡಿ, ತೋಳಿಲ್ಲದ ಅಂಗಿ ನಡೆಯದು. ಚಪ್ಪಲಿ ಹೊರಗೆ. ಬೆಳಿಗ್ಗೆ ಹತ್ತರಿಂದ ಒಂದು, ಮತ್ತೆ ಮೂರರಿಂದ ಐದು ಎಂದು ಲೆಕ್ಕ ಇಟ್ಟುಕೊಳ್ಳಿ. 1568ರ ಈ ಪರದೇಶಿ ಸಿನಗಾಗ್ ನಿಂತಿರುವ ಜಾಗ ಕೊಚ್ಚಿ ಅರಸ ಕೊಟ್ಟದ್ದು, ಅರಮನೆಯ ಮಗ್ಗುಲಿಗೇ ಇದೆ. ಒಳಗಿನ ನೆಲಕ್ಕೆ ಚೀನಾದಿಂದ ತಂದ ನೀಲಿ ಚಿತ್ರದ ಬಿಲ್ಲೆಗಳು, ಕೈಯಿಂದ ಬರೆದವು. ಮೇಲೆ ಬೆಲ್ಜಿಯಂ ಗಾಜಿನ ದೀಪಗುಚ್ಛಗಳು. ಹೊರಗಿನ 1760ರ ಗಡಿಯಾರ ಗೋಪುರದ ಮುಖಗಳಲ್ಲಿ ಅಂಕಿ ಬೇರೆ ಬೇರೆ ಲಿಪಿಯಲ್ಲಿವೆ, ಯಾರ ಕಡೆಗೆ ಯಾವ ಮುಖ ಎಂಬುದನ್ನು ಸುತ್ತಿ ನೋಡಿ.

1948ರಲ್ಲಿ ಇಸ್ರೇಲ್ ದೇಶವಾದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು, ಈಗ ಬೆರಳೆಣಿಕೆಯೂ ಕಷ್ಟ. ಯಹೂದಿ ಬೀದಿಯಲ್ಲಿ ಇಂದು ಅಂಗಡಿ ಇಟ್ಟಿರುವವರು ಬಹುತೇಕ ಬೇರೆಯವರು. ಅಲ್ಲಿಯ «ಪ್ರಾಚೀನ ವಸ್ತು»ಗಳಲ್ಲಿ ಹಲವು ಈಚೆಗೆ ಮಾಡಿ ಹಳೆಯದಾಗಿ ಕಾಣಿಸಿದವು, ಅಂದಕ್ಕೆ ಕೊಳ್ಳಿ, ವಯಸ್ಸಿಗೆ ದುಡ್ಡು ಕೊಡಬೇಡಿ.

ಮಸಾಲಿ ಸಾಮಾನು ಅಲ್ಲಿ ಸೋವಿ ಸಿಗತೈತೇನು?

ಸಿನಗಾಗ್ ಬೀದಿಯಲ್ಲಿ ಇಲ್ಲ, ಬಜಾರ್ ರೋಡಿನ ಚಿಲ್ಲರೆ ಕೊಡುವ ಮಳಿಗೆಗಳಲ್ಲಿ ಪರವಾಗಿಲ್ಲ. ಏಲಕ್ಕಿ ಹಾರ ಕಟ್ಟುವ ಹಾವೇರಿಯವರಿಗೆ ಏಲಕ್ಕಿ ನೋಡುವುದನ್ನು ಹೇಳಿಕೊಡಬೇಕಿಲ್ಲ. ಕರಿಮೆಣಸಿನ ಮಾತು ಹೇಳುತ್ತೇವೆ. ಕಾಳನ್ನು ಎರಡು ಉಗುರಿನ ನಡುವೆ ಒತ್ತಿ, ಒಳ್ಳೆಯದು ಜಗ್ಗುವುದಿಲ್ಲ, ಜೊಳ್ಳು ಪುಡಿಯಾಗುತ್ತದೆ. ನೀರಿಗೆ ಹಾಕಿದರೆ ಗಟ್ಟಿ ಕಾಳು ಮುಳುಗುತ್ತದೆ, ಬೆರೆಸಿದ ಪಪಾಯಿ ಬೀಜ ತೇಲುತ್ತದೆ. ಜೊಳ್ಳೂ ತೇಲುವುದರಿಂದ ತೇಲಿದ್ದೆಲ್ಲ ಪಪಾಯಿ ಅಲ್ಲ, ಆದರೆ ಎರಡಕ್ಕೂ ನೀವು ದುಡ್ಡು ಕೊಡಬೇಕಿಲ್ಲ. ಅತಿಯಾಗಿ ಹೊಳೆದರೆ ಎಣ್ಣೆ ಸವರಿದ್ದಾರೆ. ತಲಶ್ಶೇರಿ ಹೆಸರಿನ ದಪ್ಪ ದರ್ಜೆ ಎಂದರೆ 4.25 ಮಿಲಿಮೀಟರ್ ಜರಡಿಯ ಮೇಲೆ ಉಳಿಯುವ ಕಾಳು, ಸಣ್ಣ ಕಾಳಿಗೆ ಆ ದರ ಹೇಳಿದರೆ ಮುಂದಿನ ಅಂಗಡಿಗೆ ನಡೆಯಿರಿ. ದಾಲ್ಚಿನ್ನಿ ಕೇಳಿದರೆ ದಪ್ಪ ತೊಗಟೆಯ ಚಕ್ಕೆ ಕೊಡುತ್ತಾರೆ. ನಿಜವಾದ್ದು ಕಾಗದದಂತೆ ತೆಳ್ಳಗೆ, ಸುರುಳಿಯೊಳಗೆ ಸುರುಳಿ. ಕೇಸರಿ, ಚಕ್ರಮೊಗ್ಗು ಕೇರಳದ ಬೆಳೆಯಲ್ಲ, ಅಲ್ಲಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಜಾಯಿಕಾಯಿ, ಜಾಪತ್ರೆ ತನ್ನಿ.

ಮೆಣಸಿನಕಾಯಿಯಂತೂ ಬೇಡವೇ ಬೇಡ. ಪೋರ್ತುಗೀಸರ ಹಡಗಿನಲ್ಲಿ ಈ ಕರಾವಳಿಗೆ ಬಂದ ಕಾಯಿ ಈಗ ಬ್ಯಾಡಗಿಯಲ್ಲಿ ಮನೆ ಮಾಡಿದೆ.

ಸಸ್ಯಾಹಾರಿ ಮಂದಿ ಏನ ತಿನ್ನಬೇಕು?

ಮಟ್ಟಾಂಚೇರಿಯ ಗುಜರಾತಿ ಬೀದಿಯಲ್ಲಿ ಶುದ್ಧ ಸಸ್ಯಾಹಾರಿ ಊಟ, ಫರಸಾಣ, ಸಿಹಿ ಸಿಗುತ್ತವೆ. ಚೆರಳಾಯಿ ಕಡೆ ಕೊಂಕಣಿ ಅಡುಗೆ. ಬೇರೆಡೆ ಪುಟ್ಟು-ಕಡಲೆ, ಅಪ್ಪಂ. ಅಪ್ಪಂ ಜೊತೆಗಿನ ಸ್ಟೂ ತರಕಾರಿಯದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಅಡುಗೆ ತೆಂಗಿನೆಣ್ಣೆಯದು, ಅನ್ನ ದಪ್ಪ ಕುಚ್ಚಲಕ್ಕಿಯದು, ಬೆಳ್ತಿಗೆ ಬೇಕಾದರೆ «ಪಚ್ಚರಿ ಚೋರು» ಅನ್ನಿ. ಲೋಟದಲ್ಲಿ ಕೆಂಪು ನೀರು ಬಂದರೆ ಹೌಹಾರಬೇಡಿ, ಪದಿಮುಗಂ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು ಅದು. ಒಂದು ವಾರಕ್ಕೆ ಹೋಗುವವರು ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಹಿರಿಯರಿಗೆ ಸಮಾಧಾನ. ಡಬ್ಬಿ ಗಟ್ಟಿ ಮುಚ್ಚಿ, ಅಲ್ಲಿಯ ಗಾಳಿಗೆ ಖಡಕ್ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

## ಎರಡನೇ ಸಲ ಹೋಗುವವರಿಗೆ

ಅಂಗಡಿ, ಇಗರ್ಜಿ ಎಲ್ಲಾ ನೋಡಿ ಆತು. ಮಂದಿ ಇರೋ ಓಣಿ ಹೆಂಗ ನೋಡೂದು?

ಅರಮನೆಯಿಂದ ಬಜಾರ್ ರೋಡು ಹಿಡಿದು ಉತ್ತರಕ್ಕೆ, ಕಲ್ವತ್ತಿ ಕಾಲುವೆಯವರೆಗೆ ನಡೆಯಿರಿ. ಬಲಗಡೆಯ ಗೋದಾಮುಗಳ ಹಿಂಬಾಗಿಲು ನೇರ ನೀರಿಗೆ ತೆರೆಯುತ್ತದೆ. ಹಿಂದಿನಿಂದ ದೋಣಿಯ ಸರಕು ಒಳಕ್ಕೆ, ಮುಂದಿನಿಂದ ಗಾಡಿಗೆ. ಶುಂಠಿ, ಅಕ್ಕಿ, ಒಣಮೀನು ಎಲ್ಲದರ ವಾಸನೆ ಬಾಗಿಲು ಬಾಗಿಲಿಗೆ ಬದಲಾಗುತ್ತದೆ. ಎಡಗಡೆಯ ಓಣಿಗಳಲ್ಲಿ ಗುಜರಾತಿ ಜೈನರ ಧರ್ಮನಾಥ ಬಸದಿ ಇದೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ಕೊಚ್ಚಂಗಾಡಿಯ ಚೆಂಬಿಟ್ಟ ಪಳ್ಳಿ ಎಂಬ ಹಳೆಯ ಮಸೀದಿ ಕೇರಳದ ಮರಗೆಲಸಕ್ಕೆ ಹೆಸರಾದದ್ದು, ಹೊರಗಿಂದ ನೋಡಿದರೆ ದೇವಸ್ಥಾನದ ಮಾಡಿನಂತೆಯೇ. ನಮಾಜಿನ ಹೊತ್ತು ಬಿಟ್ಟು ಹೋಗಿ.

ಕೂನನ್ ಕುರಿಶು ಪಳ್ಳಿ ಎಂಬ ಇಗರ್ಜಿಯನ್ನು ಬಿಡಬೇಡಿ. 1653ರ ಜನವರಿ 3ರಂದು ಇಲ್ಲಿಯ ಶಿಲುಬೆಗೆ ಹಗ್ಗ ಕಟ್ಟಿ, ಹಗ್ಗ ಹಿಡಿದು, ಸುರಿಯಾನಿ ಕ್ರೈಸ್ತರು ಪೋರ್ತುಗೀಸ್ ಪಾದ್ರಿಗಳ ಮಾತು ಇನ್ನು ಕೇಳುವುದಿಲ್ಲ ಎಂದು ಆಣೆ ಮಾಡಿದರು. ಆ ಎಳೆತಕ್ಕೆ ಶಿಲುಬೆ ಬಾಗಿತೆಂಬುದು ನಂಬಿಕೆ, ಕೂನನ್ ಕುರಿಶು ಅಂದರೆ ಬಾಗಿದ ಶಿಲುಬೆ. ಪ್ರವಾಸಿಗರ ಪಟ್ಟಿಗಳಲ್ಲಿ ಇದು ಯಾಕೆ ಕೆಳಗೆ ಬೀಳುತ್ತದೋ ತಿಳಿಯದು.

ಮನ್ಯಾಗ ಕೊಂಕಣಿ ಮಾತಾಡ್ತೀವಿ. ಅಲ್ಲಿ ನಡೀತದೇನು?

ನಡೆಯುತ್ತದೆ. ಗೋವಾದಲ್ಲಿ ಪೋರ್ತುಗೀಸರ ಮತಕಾಟ ತಾಳದೆ ಹದಿನಾರನೇ ಶತಮಾನದಲ್ಲಿ ಇಳಿದು ಬಂದ ಗೌಡ ಸಾರಸ್ವತರು, ಜೊತೆಗೆ ಕುಡುಂಬಿ, ದೈವಜ್ಞ, ವೈಶ್ಯ ಮನೆತನಗಳು ಚೆರಳಾಯಿ ಸುತ್ತ ನೆಲೆಸಿದವು. ಅವರ ತಿರುಮಲ ದೇವಸ್ವಂ ದೇವಾಲಯದ ಕೇರಿಯಲ್ಲಿ ಕೊಂಕಣಿ ಬೀದಿಯ ಮಾತು. ಮಲಯಾಳದ ಎಳೆತ ಸೇರಿರುವುದರಿಂದ ಮೊದಲ ಐದು ನಿಮಿಷ ಕಿವಿ ತಡವರಿಸೀತು. ಗಂಡಸರು ಅಂಗಿ, ಬನಿಯನ್ ತೆಗೆದು ದರ್ಶನಕ್ಕೆ ಹೋಗಬೇಕು, ಪಂಚೆ ಒಯ್ದರೆ ಒಳ್ಳೆಯದು. ಹುಬ್ಬಳ್ಳಿಯ ದಖ್ಖನಿ ಮಾತಾಡುವವರಿಗೂ ಮಟ್ಟಾಂಚೇರಿಯಲ್ಲಿ ದಖ್ಖನಿ ಮನೆತನಗಳು ಸಿಗುತ್ತವೆ.

ಧೋಬಿ ಖಾನಾ ನೋಡಾಕ ಹೋದರ ಬೈತಾರೇನು?

ಕೇಳಿ ಹೋದರೆ ಬೈಯುವುದಿಲ್ಲ. ಫೋರ್ಟ್ ಕೊಚ್ಚಿಯ ವೇಳಿ ಬಳಿ ತಮಿಳು ವಣ್ಣಾರ್ ಸಮುದಾಯದವರು ನಡೆಸುತ್ತಾರೆ. ಅವರ ಹಿರಿಯರು ಸಿಪಾಯಿಗಳ ಬಟ್ಟೆ ಒಗೆಯಲು ಬಂದವರು. ಬೆಳಿಗ್ಗೆ ಹೋದರೆ ಒಗೆತ, ಹನ್ನೊಂದರ ಮೇಲೆ ಒಣಗಿಸುವುದು ಕಾಣುತ್ತದೆ. ಹಗ್ಗ ನೋಡಿ: ಎರಡು ಎಳೆ ಹೊಸೆದದ್ದು, ಬಟ್ಟೆಯ ಅಂಚನ್ನು ಹೊಸೆತದ ಸಂದಿಗೆ ಸಿಕ್ಕಿಸುತ್ತಾರೆ, ಕ್ಲಿಪ್ಪಿನ ಗೊಡವೆಯಿಲ್ಲ. ಅಕ್ಕಿ ಗಂಜಿ, ಇದ್ದಿಲ ಇಸ್ತ್ರಿ ಇನ್ನೂ ಇವೆ. ಬಟ್ಟೆ ಯಾರದೋ ಆಗಿರುತ್ತದೆ, ಮುಟ್ಟಬೇಡಿ. ಫೋಟೋಕ್ಕೆ ಅನುಮತಿ ಕೇಳಿ.

ಬಿನಾಲೆ, ಹೊಸ ವರ್ಷದ ಜಾತ್ರಿ ಇದ್ದಾಗ ಹೋಗಲೋ ಬ್ಯಾಡೋ?

ಎರಡೂ ಬೇರೆ. ಬಿನಾಲೆ ಎಂಬ ಕಲಾಮೇಳ 2012ರಲ್ಲಿ ಶುರುವಾಯಿತು, ನಡೆಯುವ ವರ್ಷ ಡಿಸೆಂಬರ್‌ನಿಂದ ತಿಂಗಳುಗಟ್ಟಲೆ ಇರುತ್ತದೆ. ಉಳಿದ ದಿನ ಬೀಗ ಹಾಕಿರುವ ಗೋದಾಮುಗಳ ಒಳಗನ್ನು ನೋಡಲು ಇದೇ ಸಂದರ್ಭ. ಕಲೆಯಲ್ಲಿ ಆಸಕ್ತಿ ಇಲ್ಲದವರೂ ತೊಲೆ, ಜಂತಿ ನೋಡಲು ಹೋಗಬಹುದು. ವಸತಿ ತಿಂಗಳ ಮುಂಚೆ ಹಿಡಿಯಿರಿ.

ಡಿಸೆಂಬರ್ 31ರ ರಾತ್ರಿ ಪಾಪ್ಪಾಂಜಿ ಎಂಬ ಮುದುಕನ ದೊಡ್ಡ ಬೊಂಬೆ ಸುಡುತ್ತಾರೆ. ನಮ್ಮ ಕಾಮದಹನದಂತೆಯೇ, ಆದರೆ ಜನ ಹತ್ತುಪಟ್ಟು. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡ. ಹೋಗುವುದೇ ಆದರೆ ಅಂದು ರಾತ್ರಿ ಫೋರ್ಟ್ ಕೊಚ್ಚಿಯಲ್ಲೇ ಉಳಿಯಿರಿ. ಎರ್ನಾಕುಲಂನಲ್ಲಿ ರೂಮು ಮಾಡಿದವರು ಮಧ್ಯರಾತ್ರಿ ಜೆಟ್ಟಿಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ, ರಸ್ತೆಯೂ ಬಿಗಿದಿರುತ್ತದೆ. ಜನವರಿ 1ರ ಬೆಳಗಿನ ರೈಲಿಗಂತೂ ಟಿಕೆಟ್ ತೆಗೆಯಬೇಡಿ.